ಹತ್ತಿರ ಹೋಗುವ ಹಕ್ಕು

ಫೋಟೊ 'ತೆಗೆಯುತ್ತೇವೆ' ಎನ್ನುತ್ತೇವೆ. 'ಹೊಡೆಯುತ್ತೇವೆ' ಎನ್ನುವವರೂ ಇದ್ದಾರೆ. ಉರ್ದುವಿನಲ್ಲಿ ತಸ್ವೀರನ್ನು 'ಖೀಂಚು'ತ್ತಾರೆ, ಅಂದರೆ ಎಳೆಯುತ್ತಾರೆ. ನನಗೆ ಗೊತ್ತಿರುವ ಎರಡೂ ಭಾಷೆಗಳ ಈ ಮಾತುಗಳಲ್ಲಿ ಎದುರಿಗಿರುವುದರಿಂದ ಏನನ್ನೋ ಪಡೆಯುವ ಅರ್ಥವಿದೆ. ಕೊಡುವ ಮಾತು ಒಂದರಲ್ಲೂ ಇಲ್ಲ. ಹಾಗಾದರೆ ಚಿತ್ರ ತೆಗೆಯುವವನಿಗೆ ಋಣವೇ ಇಲ್ಲವೇ?

ದೂರದ್ದನ್ನು ಹತ್ತಿರ ತರುವ ಹೊಸ ಕ್ಯಾಮೆರಾವೊಂದನ್ನು ನೀರುಹಕ್ಕಿಗಳ ಮೇಲೆ ಪರೀಕ್ಷಿಸಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದಾಗ ಈ ಪ್ರಶ್ನೆ ನನ್ನನ್ನು ಕಾಡಿತು. ಚಳಿಗಾಲ ಮುಗಿಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಇಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಬೆಳಗಿನ ಎಳೆ ಬಿಸಿಲಿನಲ್ಲಿ ಲೆನ್ಸ್ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ರೆಕ್ಕೆಯ ಬಡಿತ ನಿಂತೇಬಿಟ್ಟಿತು. ಬೆಳಕನ್ನು ಸ್ವಲ್ಪ ಕಡಿಮೆ ಮಾಡಿಕೊಂಡರೆ ಬಿಳಿ ಗರಿಗಳ ಎಳೆ ಎಳೆಯೂ ಮೂಡುತ್ತಿತ್ತು.

ಆದರೆ ಹಕ್ಕಿ ಅಷ್ಟು ಹತ್ತಿರ ಕುಳಿತದ್ದು ಲೆನ್ಸಿನ ಹೆಚ್ಚುಗಾರಿಕೆಯಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಹೊರಜಗತ್ತಿನ ಗಮನ ಸೆಳೆಯುವ ಮುಂಚೆಯೇ ಈ ಊರು ಹಕ್ಕಿಗಳೊಂದಿಗೆ ಬಾಳುತ್ತಿತ್ತು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡುಗಳಿರುವ ಮರದ ಹುಣಸೆಯನ್ನು ರೈತರು ಕೊಯ್ಯದೆ ಬಿಡುತ್ತಾರೆ, ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹಾಗಾಗಿ ಇದು ಬರೀ ದಯೆಯಲ್ಲ, ಕೊಡುಕೊಳ್ಳುವ ಸಂಬಂಧ. ಊರವರಿಗೆ ಈ ಹಕ್ಕಿಗಳು ಹೆರಿಗೆಗೆಂದು ತವರಿಗೆ ಬರುವ ಹೆಣ್ಣುಮಕ್ಕಳು.

ಈ ಮಾತನ್ನು ನಿಜವೆಂದು ಒಪ್ಪಿದರೆ ನಾವು ನಿಂತಿರುವುದು ಬಾಣಂತಿ ಕೋಣೆಯ ಬಾಗಿಲಲ್ಲಿ. ಅಲ್ಲಿ ಅಪರಿಚಿತರು ಹೇಗೆ ನಡೆದುಕೊಳ್ಳಬೇಕೆಂದು ಯಾವ ಧರ್ಮದವರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ ಹಕ್ಕಿಯನ್ನು ಎಬ್ಬಿಸುವವರಿದ್ದಾರೆ. ತಾಯಿ ಎದ್ದುಹೋದರೆ ಗರಿ ಮೂಡದ ಮರಿ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ, ಮೊಟ್ಟೆ ಕಾಗೆಯ ಪಾಲಾಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬೆಳೆಸುವ ವ್ಯವಸ್ಥೆ ಈ ಊರಿನಲ್ಲಿದೆ. ಬಿದ್ದ ಮರಿಯೊಂದು ಕಣ್ಣೆದುರು ಇರುವಾಗ ಮೊದಲು ಕ್ಯಾಮೆರಾ ಎತ್ತುವವನೂ ಮೊದಲು ಊರವರನ್ನು ಕೂಗುವವನೂ ಒಂದೇ ಆಗಲಾರರು. ಹಕ್ಕಿಗೆ ಮನುಷ್ಯರ ಮೇಲಿರುವ ನಂಬಿಕೆ ಊರವರು ತಲೆಮಾರುಗಳಿಂದ ಕೂಡಿಟ್ಟ ಗಂಟು. ನಾವು ಬಂದು ಅದನ್ನು ಅರ್ಧ ದಿನದಲ್ಲಿ ಖರ್ಚು ಮಾಡುತ್ತೇವೆ.

ಕ್ಯಾಮೆರಾವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸಲೀಂ ಅಲಿಯವರು ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಮೂಲಕ ಪಕ್ಷಿಲೋಕಕ್ಕೆ ಬಂದವರು. ಆ ಕಾಲದಲ್ಲಿ ಹಕ್ಕಿಯನ್ನು ಅಭ್ಯಾಸ ಮಾಡಲು ಕೋವಿ ಬೇಕಾಗಿತ್ತು. ಅವರ ಒತ್ತಾಸೆಯಿಂದಲೇ 1940ರಲ್ಲಿ ನಮ್ಮ ಜಿಲ್ಲೆಯ ರಂಗನತಿಟ್ಟು ಪಕ್ಷಿಧಾಮವಾಯಿತು. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದದ್ದು ದೊಡ್ಡ ಉಪಕಾರ. ಚಿತ್ರ ನೋಡಿ ಹಕ್ಕಿಯನ್ನು ಪ್ರೀತಿಸಲು ಕಲಿತವರು ಎಷ್ಟೋ ಮಂದಿ. ಆದರೆ ಕೊಲ್ಲದಿರುವುದೇ ಕಾಪಾಡುವುದಲ್ಲ. ಈಗ ಅನೇಕ ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ ಎಂಬುದನ್ನು ಗಮನಿಸಬೇಕು.

ಚಿತ್ರಕ್ಕೆ ಕಾಣದ್ದೂ ಬಹಳ ಇದೆ. 2017-18ರಲ್ಲಿ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಪರೀಕ್ಷೆ ಮಾಡಿದಾಗ ದೇಹದೊಳಗೆ ಪರಾವಲಂಬಿ ದುಂಡುಹುಳುಗಳು ಸಿಕ್ಕವು, ತಿಂದ ಮೀನಿನ ಮೂಲಕ ಒಳಹೊಕ್ಕವು. ಹಕ್ಕಿಯ ಬದುಕು ಮರದ ಮೇಲೆ ಮಾತ್ರವಲ್ಲ, ಸುತ್ತಲಿನ ಕೆರೆಗಳಲ್ಲಿದೆ, ಮದ್ದೂರು ದಾಟಿ ಮಳವಳ್ಳಿ ಸೀಮೆಯಲ್ಲಿ ಹರಿದು ಕಾವೇರಿ ಸೇರುವ ಶಿಂಷಾ ಹೊಳೆಯಲ್ಲಿದೆ. ಹಕ್ಕಿಯ ಚಂದವನ್ನು ಮನೆಗೆ ಒಯ್ದವನು ಆ ನೀರಿನ ಬಗ್ಗೆಯೂ ಬಾಯಿ ತೆರೆಯಬೇಕಲ್ಲವೇ?

ಮರದ ಯಜಮಾನನನ್ನು ಮಾತನಾಡಿಸಿ, ಅವನು ತೋರಿಸಿದ ಜಾಗದಲ್ಲಿ ನಿಂತು, ಹಕ್ಕಿ ತಾನಾಗಿ ಹಾರುವವರೆಗೆ ಕಾಯುವುದು ಕಷ್ಟದ ಕೆಲಸವೇನಲ್ಲ. ಹಾಗೆ ಕಾದಾಗ ಕೆಲವು ಚಿತ್ರ ತಪ್ಪುತ್ತವೆ. ಅದು ಊರವರು ಪ್ರತಿ ವರ್ಷ ಬಿಟ್ಟುಕೊಡುವ ಹುಣಸೆಯ ಮುಂದೆ ತೀರಾ ಸಣ್ಣ ನಷ್ಟ.