ರಸವೂ ವಾತ್ಸಲ್ಯವೂ

ಸ್ವೀಡನ್ನಿನ ಫಾಲ್ಕ್, ಹಿಲ್ಲಾರ್ಪ್ ಎಂಬ ವಿದ್ವಾಂಸರು 1962ರಲ್ಲಿ ಪ್ರಕಟಿಸಿದ, ಫಾರ್ಮಾಲ್ಡಿಹೈಡಿನ ಆವಿಯನ್ನು ಸೋಂಕಿಸುವ ಉಪಾಯದಿಂದ, ಡೋಪಮೈನ್ ಮೊದಲಾದ ದ್ರವ್ಯಗಳುಳ್ಳ ಮೆದುಳಿನ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಹಸುರಾಗಿ ಹೊಳೆದುವು. 1964ರಲ್ಲಿ ಡಾಲ್‌ಸ್ಟ್ರೋಮ್, ಫುಕ್ಸೆ ಎಂಬವರು ಇಲಿಯ ಮೆದುಳಿನ ನಕ್ಷೆ ರಚಿಸಿ, ಹೈಪೊಥಲಾಮಸಿನ ಒಂದು ಕೋಶಸಮೂಹವನ್ನು ಎ12 ಎಂದು ಗುರುತಿಸಿದರು. ಇಲ್ಲಿಂದ ಒಸರುವ ಡೋಪಮೈನ್, ಸ್ತನ್ಯವನ್ನುಂಟುಮಾಡುವ ಪ್ರೊಲ್ಯಾಕ್ಟಿನ್ ರಸವನ್ನು ತಡೆದಿರುವುದು. ಶಿಶು ಮೊಲೆಯುಣ್ಣಲು ಆ ತಡೆ ಸಡಿಲುವುದು.

ಹಾಗಾದರೆ ಮಾತೃವಾತ್ಸಲ್ಯವೂ ರಸವ್ಯಾಪಾರಮಾತ್ರವೆ? ಹಾಗೆಂಬುದು ಕರಣವನ್ನೇ ಕರ್ತೃವೆಂದು ಭ್ರಮಿಸಿದಂತೆ. ಹಾಲು ಬತ್ತಿದವಳೂ ಮಗುವಿಗಾಗಿ ಇರುಳೆಲ್ಲ ಎಚ್ಚತ್ತಿರುವಳು. ಆ ಎಚ್ಚರಕ್ಕೂ ಮತ್ತೊಂದು ರಸ ಕಾರಣವೆನ್ನಿ. ಅದು ಹೇಗೆ ಉಂಟಾಯಿತೆಂಬುದನ್ನು ನಕ್ಷೆ ಹೇಳೀತು, ಏಕೆ ಪೂಜ್ಯವೆಂಬುದನ್ನು ಹೇಳಲಾರದು. ಆದರೂ ನಕ್ಷೆಯಿಂದ ಒಂದು ಧರ್ಮವನ್ನು ಕಲಿಯಬಹುದು: ಹಾಲು ಸಾಲದ ತಾಯಿಯನ್ನು ಮಮತೆಯಿಲ್ಲದವಳೆಂದು ಹಳಿಯುವುದು ಅನ್ಯಾಯ.