ಗಾಯದ ಮುಂದೆ ಬಣ್ಣದ ಪೆಟ್ಟಿಗೆ

ನೆರೆ, ಭೂಕಂಪ, ಗಲಭೆ ಏನೇ ನಡೆದರೂ ನಾವು ಅಕ್ಕಿ, ಕಂಬಳಿ, ಔಷಧ ಹೊತ್ತು ಓಡುತ್ತೇವೆ. ಅದು ಸರಿಯೇ. ಆದರೆ ಪರಿಹಾರ ಶಿಬಿರದ ಮೂಲೆಯಲ್ಲಿ ಮಾತಾಡದೆ ಕುಳಿತ ಮಗುವಿಗೆ ಏನು ಕೊಡುತ್ತೇವೆ? "ಏನಾಯಿತು, ಹೇಳು" ಎಂದು ಕೇಳುತ್ತೇವೆ. ಕಂಡದ್ದನ್ನು ಹೇಳಲು ಅದರ ಬಳಿ ಮಾತೇ ಇಲ್ಲದಿದ್ದರೆ?

ಅಂತಹ ಕಡೆ ಕಾಗದ, ಬಣ್ಣ ನೆರವಿಗೆ ಬರುತ್ತವೆ. 1942ರ ಡಿಸೆಂಬರ್‌ನಲ್ಲಿ ನಾಝಿಗಳು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಯಹೂದಿ ಕಲಾವಿದೆಯನ್ನು ಟೆರೆಝಿನ್ ಘೆಟ್ಟೊಗೆ ತಳ್ಳಿದರು. ಅಲ್ಲಿನ ಮಕ್ಕಳಿಗೆ ಆಕೆ ಚಿತ್ರಕಲೆ ಕಲಿಸಿದರು. ಹಸಿವು, ಸಾವುಗಳ ನಡುವೆ ಆ ಮಕ್ಕಳು ಹೂವು, ಚಿಟ್ಟೆ, ಬಿಟ್ಟುಬಂದ ಮನೆಗಳನ್ನು ಬಿಡಿಸಿದರು. 1944ರ ಅಕ್ಟೋಬರ್‌ನಲ್ಲಿ ಆಶ್‌ವಿಟ್ಝ್‌ಗೆ ಸಾಗಿಸಲ್ಪಡುವ ಮುನ್ನ ಆಕೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸ್‌ಗಳಲ್ಲಿ ಅಡಗಿಸಿಟ್ಟರು. ಆಕೆಯೂ ಆ ಮಕ್ಕಳಲ್ಲಿ ಹೆಚ್ಚಿನವರೂ ಬದುಕುಳಿಯಲಿಲ್ಲ. ಚಿತ್ರಗಳು ಉಳಿದವು. ಆಕೆಯ ಶಿಷ್ಯೆ ಈಡಿತ್ ಕ್ರೇಮರ್ ಮುಂದೆ ಅಮೆರಿಕದಲ್ಲಿ ಕಲಾ ಚಿಕಿತ್ಸೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು.

ಇಂದು ದುರಂತ ನಡೆದಲ್ಲೆಲ್ಲ ಇಂತಹ ಪರಿಣತರನ್ನು ಎಲ್ಲಿಂದ ತರುವುದು? 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ಬಳಿಕ ಬೆಂಗಳೂರಿನ ನಿಮ್ಹಾನ್ಸ್ ಸ್ಥಳೀಯ ಕಾರ್ಯಕರ್ತರನ್ನೇ ಮನಸ್ಸಿನ ಆರೈಕೆಗೆ ತರಬೇತುಗೊಳಿಸುವ ದಾರಿ ಹಿಡಿಯಿತು. ಊರಿನವರಿಗೆ ಊರಿನ ಭಾಷೆ ಗೊತ್ತು. ಪರಿಹಾರದ ಲಾರಿಗಳು ಹಿಂದಿರುಗಿದ ಮೇಲೂ ಅವರು ಅಲ್ಲಿಯೇ ಇರುತ್ತಾರೆ.

ಆದರೆ ಕೆಲವು ದಿನಗಳ ತರಬೇತಿ ಪಡೆದವರು ಇನ್ನೊಬ್ಬರ ಒಳಗಿನ ಗಾಯ ಮುಟ್ಟಬಹುದೇ? ಉತ್ತರವು ಆ ತರಬೇತಿ ಕಲಿಸುವುದೇನು ಎಂಬುದರ ಮೇಲಿದೆ. ಕಪ್ಪು ಬಳಿದರೆ ಭಯ, ಕೆಂಪು ಬಳಿದರೆ ರಕ್ತ ಎಂದು ಚಿತ್ರಕ್ಕೆ ಅರ್ಥ ಹಚ್ಚಲು ಕಲಿಸಿದರೆ ಅದು ಅಪಾಯಕಾರಿ. ಮಗುವಿನ ಕೈಗೆ ಆಗ ಸಿಕ್ಕಿದ್ದು ಕಪ್ಪು ಬಣ್ಣವೊಂದೇ ಆಗಿರಬಹುದು! ಬಿಡಿಸು ಎಂದು ಒತ್ತಾಯಿಸದಿರುವುದು, ನಡೆದ ಘಟನೆಯನ್ನೇ ಬಿಡಿಸು ಎನ್ನದಿರುವುದು, ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು, ತನ್ನ ಶಕ್ತಿ ಮೀರಿದಾಗ ವೈದ್ಯರ ಬಳಿ ಕಳುಹಿಸುವುದು - ಕಲಿಯಬೇಕಾದದ್ದು ಇವುಗಳನ್ನು. 2007ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ಸ್ವಯಂಸೇವಾ ಸಂಸ್ಥೆಗಳೂ ಸೇರಿ ರೂಪಿಸಿದ ಮಾರ್ಗಸೂಚಿಯ ಮೂಲ ತತ್ವಗಳಲ್ಲೊಂದು ಹಾನಿ ಮಾಡದಿರುವುದು. ಸದುದ್ದೇಶ ಇದ್ದ ಮಾತ್ರಕ್ಕೆ ಹಾನಿಯಾಗದು ಎಂಬ ಭರವಸೆಯಿಲ್ಲ.

ಇನ್ನೊಂದು ವಿಷಯದಲ್ಲಿ ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು. ಮಗು ಬಿಡಿಸಿದ ಚಿತ್ರ ಯಾರದು? ದಾನಿಗಳಿಗೆ ಕಳುಹಿಸುವ ವರದಿಯ ಮುಖಪುಟಕ್ಕೆ ಅದನ್ನು ಕೇಳದೆ ಬಳಸಿದರೆ, ಎಲ್ಲವನ್ನೂ ಕಳೆದುಕೊಂಡವರ ಬಳಿ ಉಳಿದದ್ದನ್ನೂ ನಾವು ತೆಗೆದುಕೊಂಡಂತೆ.

ಬಣ್ಣವು ನ್ಯಾಯದ ಬದಲಿಯೂ ಆಗಬಾರದು. 1973ರ ಸೇನಾ ದಂಗೆಯ ಬಳಿಕ ಚಿಲಿಯಲ್ಲಿ, ಕಣ್ಮರೆಯಾದವರ ತಾಯಂದಿರು, ಪತ್ನಿಯರು ಚರ್ಚಿನ ಆಶ್ರಯದಲ್ಲಿ ಕೂಡಿ ಗೋಣಿಬಟ್ಟೆಯ ಮೇಲೆ ಹಳೆಯ ಬಟ್ಟೆಯ ಚೂರುಗಳನ್ನು ಹೊಲಿದು ತಮ್ಮ ಕತೆ ಹೇಳಿದರು. ಜೊತೆಯಾಗಿ ಹೊಲಿಯುತ್ತಾ ಅವರು ಸಮಾಧಾನ ಕಂಡರು. ಆದರೆ ತಮ್ಮವರು ಎಲ್ಲಿದ್ದಾರೆ ಎಂದು ಕೇಳುವುದನ್ನು ಬಿಡಲಿಲ್ಲ. ಆ ಪ್ರಶ್ನೆಯನ್ನೂ ಬಟ್ಟೆಯ ಮೇಲೆಯೇ ಹೊಲಿದರು.

ಮುಂದಿನ ನೆರೆ ಬರುವ ಮುನ್ನವೇ ನಮ್ಮ ಪರಿಹಾರ ಸಮಿತಿಗಳು ಇಂತಹ ಕೆಲವರನ್ನಾದರೂ ಸಿದ್ಧಪಡಿಸಲಿ. ಕಂಬಳಿಯ ಗಂಟಿನ ಜೊತೆ ಒಂದಿಷ್ಟು ಕಾಗದ, ಬಣ್ಣವೂ ಇರಲಿ. ಮಗು ಬಿಡಿಸದೆ ಸುಮ್ಮನೆ ಕುಳಿತರೆ, ಅದರ ಜೊತೆ ಕುಳಿತುಕೊಳ್ಳುವ ತಾಳ್ಮೆಯೂ ನಮಗಿರಲಿ.