ಶನಿವಾರದ ಬ್ರೆಡ್ಡು, ದಿನದ ರೊಟ್ಟಿ

ಮಾದಾಪುರದ ಕೆಫೆಗಳ ಬೋರ್ಡಿನಲ್ಲಿ ‘ಆರ್ಟಿಸನ್ ಬ್ರೆಡ್’ ಎಂಬ ಮಾತು ಈಗ ಸಾಮಾನ್ಯ. ಕುಶಲಕರ್ಮಿಯ ಕೈಯಿಂದ ಆದದ್ದು ಎಂದರ್ಥ. ಅದಕ್ಕೆ ಬೆಲೆ ಹೆಚ್ಚು, ಗೌರವ ಇನ್ನೂ ಹೆಚ್ಚು. ಆ ಗೌರವ ಯಾವುದಕ್ಕೆ ಸಲ್ಲುತ್ತದೆ ಎಂಬುದು ನನ್ನ ಪ್ರಶ್ನೆ.

ಕೌಶಲಕ್ಕೆ ಎನ್ನಬಹುದು. ಬ್ರೆಡ್ಡಿಗೆ ಆಕಾರ ಕೊಡುವುದು ಕೌಶಲವೇ ಸರಿ. ಶನಿವಾರಗಳಲ್ಲಿ ನಾನೂ ಮಾಡುತ್ತೇನೆ. ಉಬ್ಬಿದ ಹಿಟ್ಟನ್ನು ಮೆಲ್ಲಗೆ ತಗ್ಗಿಸಿ, ಅಗಲ ಮಾಡಿ, ಬಿಗಿಯಾಗಿ ಸುರುಳಿ ಸುತ್ತಿ, ಅಂಚನ್ನು ಚಿವುಟಿ ಮುಚ್ಚಿ, ಆ ಬದಿ ಕೆಳಗೆ ಬರುವಂತೆ ತಟ್ಟೆಯಲ್ಲಿಡಬೇಕು. ಮೇಲ್ಮೈ ಡೊಳ್ಳಿನ ಚರ್ಮದ ಹಾಗೆ ಬಿಗಿದಿರಬೇಕು, ಸಡಿಲವಾದರೆ ಮೇಲೇಳದೆ ಅಡ್ಡಕ್ಕೆ ಹರಡುತ್ತದೆ. ಎರಡನೇ ಸಲ ಉಬ್ಬಲು ಪುಸ್ತಕಗಳು ಒಂದು ಗಂಟೆ ಹೇಳುತ್ತವೆ. ಹೈದರಾಬಾದಿನ ಮೇ ತಿಂಗಳ ಬಿಸಿಲಿಗೆ ಅರ್ಧ ಗಂಟೆಯೂ ಹೆಚ್ಚಾದೀತು. ಬೆರಳಿಂದ ಒತ್ತಿದ ಗುಳಿ ನಿಧಾನವಾಗಿ ಮೇಲೆ ಬಂದು, ಪೂರ್ತಿ ಮುಚ್ಚದೆ ಉಳಿದರೆ ಹದ ಬಂದಿದೆ. ಬ್ಲೇಡಿನಿಂದ ಒಂದು ಗೀರು, 220 ಡಿಗ್ರಿ ಶಾಖ, ಮೊದಲ ಹತ್ತು ನಿಮಿಷ ಓವನ್ನಿನಲ್ಲಿ ಆವಿ. ಆವಿಯಿದ್ದರೆ ಹೊರಪದರ ಬೇಗ ಗಟ್ಟಿಯಾಗದೆ ಹಿಟ್ಟಿಗೆ ಹಿಗ್ಗಲು ಬಿಡುತ್ತದೆ. ತಳ ಬಡಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಆಮೇಲೂ ಒಂದು ಗಂಟೆ ಆರಲು ಬಿಡಬೇಕು, ಬಿಸಿಯಲ್ಲೇ ಕತ್ತರಿಸಿದರೆ ಒಳಗೆಲ್ಲ ಅಂಟಂಟು.

ಆದರೆ ಇಲ್ಲಿ ಅರ್ಧ ಕೆಲಸವನ್ನು ಗೋಧಿಯ ಗ್ಲುಟನ್ನೇ ಮಾಡಿಕೊಡುತ್ತದೆ. ಸಂಜೆ ಈ ಊರಿನ ರಸ್ತೆ ಬದಿಯಲ್ಲಿ ಜೊನ್ನ ರೊಟ್ಟೆ ಮಾರುವ ಹೆಂಗಸರನ್ನು ನೋಡಿ. ಜೋಳದಲ್ಲಿ ಗ್ಲುಟನ್ ಇಲ್ಲ. ಬಿಸಿನೀರು ಹಿಟ್ಟಿನ ಪಿಷ್ಟವನ್ನು ಅಷ್ಟಿಷ್ಟು ಬೇಯಿಸಿ ಕೊಡುವ ಅಂಟೇ ಆಧಾರ. ಅಷ್ಟರ ಮೇಲೆ ಬಡಿಯುತ್ತ, ತಿರುಗಿಸುತ್ತ, ಅಂಚು ಸೀಳದಂತೆ ತೆಳ್ಳಗೆ ಮಾಡಬೇಕು. ಹಂಚಿಗೆ ಹಾಕಿ ಮೇಲೆ ನೀರು ಸವರಿ, ಸರಿಯಾದ ಗಳಿಗೆಗೆ ಮಗುಚಬೇಕು. ನಮ್ಮ ರಾಯಚೂರು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕೌಶಲವನ್ನೇ ತೂಗುವುದಾದರೆ ಆಕೆಯ ಕೈ ನನ್ನ ಕೈಗಿಂತ ಎಷ್ಟೋ ಮೇಲು. ಆಕೆಯನ್ನು ಆರ್ಟಿಸನ್ ಎಂದು ಯಾರೂ ಕರೆದದ್ದು ಕಾಣೆ.

ಹಾಗಾದರೆ ನಾವು ಮೆಚ್ಚುತ್ತಿರುವುದು ಬಿಡುವನ್ನು. ಮಾಡದಿದ್ದರೂ ನಡೆಯುತ್ತಿತ್ತು, ಆದರೂ ಮಾಡಿದ, ಅದಕ್ಕೇ ಶಭಾಷ್. ಗೆಳೆಯರೊಬ್ಬರು ಒಪ್ಪುವುದಿಲ್ಲ. ತಾನಾಗಿ ಆರಿಸಿಕೊಂಡ ಕೆಲಸದಲ್ಲಿ ಪ್ರೀತಿಯಿದೆ, ಹೊಟ್ಟೆಪಾಡಿನ ಕೆಲಸದಲ್ಲಿ ಅದು ಇರಬೇಕೆಂದಿಲ್ಲ ಎನ್ನುತ್ತಾರೆ. ಮಾತಿನಲ್ಲಿ ತಿರುಳಿದೆ. ಆದರೆ ನನ್ನ ಬ್ರೆಡ್ಡು ಕೂತುಹೋದರೆ ನಷ್ಟ ಅರ್ಧ ಕಿಲೋ ಮೈದಾ. ಆಕೆಯ ರೊಟ್ಟಿ ಹರಿದರೆ ಅಂದಿನ ಗಳಿಕೆಯಲ್ಲಿ ಅಷ್ಟು ಖೋತಾ. ಅಷ್ಟು ಬಿಗಿಯಲ್ಲೂ ರೊಟ್ಟಿ ದುಂಡಗೆ ಬರುತ್ತದಲ್ಲ, ಅಲ್ಲಿ ಪ್ರೀತಿ ಇಲ್ಲವೆಂದು ತೀರ್ಪು ಕೊಡಲು ನಾವು ಯಾರು?

ಅನ್ನಕ್ಕಾಗಿ ಪ್ರತಿಯೊಬ್ಬನೂ ಮೈಬಗ್ಗಿಸಿ ದುಡಿಯಬೇಕೆಂಬ ‘ಬ್ರೆಡ್ ಲೇಬರ್’ ವಿಚಾರ ರಷ್ಯದ ರೈತ ಬೊಂಡರೇವ್‌ನಿಂದ ಟಾಲ್‌ಸ್ಟಾಯ್‌ಗೆ, ಅಲ್ಲಿಂದ ಗಾಂಧಿಗೆ ಬಂತು. ಜೊಹಾನ್ಸ್‌ಬರ್ಗಿನ ಮನೆಗೆ ಗಾಂಧಿ 7 ಪೌಂಡ್ ಕೊಟ್ಟು ಕೈಗಿರಣಿ ತಂದರು. ಬೇಕರಿ ಬ್ರೆಡ್ಡು ನಿಂತು ಮನೆಯ ಬ್ರೆಡ್ಡು ಶುರುವಾಯಿತು. ಬೀಸುತ್ತಿದ್ದವರು ಅವರು, ಗೆಳೆಯ ಪೋಲಾಕ್, ಮಕ್ಕಳು. ಕಸ್ತೂರಬಾ ಕೂಡ ಆಗೀಗ ಕೈಜೋಡಿಸುತ್ತಿದ್ದರು, ಅದು ಅವರು ಅಡುಗೆಮನೆ ಕೆಲಸ ಶುರುಮಾಡುವ ಹೊತ್ತಾಗಿದ್ದರೂ. ಆತ್ಮಕಥೆಯಲ್ಲಿ ಗಾಂಧಿಯೇ ಇದನ್ನು ಬರೆದಿದ್ದಾರೆ, ಬರೆದು ಮುಂದೆ ಹೋಗಿದ್ದಾರೆ. ನಾನು ಅಲ್ಲೇ ನಿಂತೆ. ಗಿರಣಿ ಇತಿಹಾಸಕ್ಕೆ ಸೇರಿತು, ಒಲೆಯ ಮುಂದಿನ ಕೆಲಸ ಒಂದು ಅರ್ಧವಾಕ್ಯಕ್ಕೆ.

ಈ ಪ್ರಶ್ನೆಗೆ ಹಣದ ಮುಖವೂ ಇದೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರದೇ ಬ್ರೆಡ್ಡಿನ ಫೋಟೋ ಬಂದರೂ ಚಪ್ಪಾಳೆಗಳ ಸಾಲು. ದಿನವೂ ಬಂದು ಚಪಾತಿ ಲಟ್ಟಿಸುವವರು ತಿಂಗಳಿಗೆ ಐನೂರು ಹೆಚ್ಚು ಕೇಳಿದಾಗ ಅದೇ ಗುಂಪಿನಲ್ಲಿ ಬಂದ ಮಾತು: ‘ಒಬ್ಬರು ಕೊಟ್ಟರೆ ಎಲ್ಲರೂ ಕೇಳುತ್ತಾರೆ, ರೇಟು ಕೆಡಿಸಬೇಡಿ.’ ನಾವು ಮೂರು ಮನೆಯವರು ಕೊಟ್ಟೆವು. ಉಳಿದವರೊಡನೆ ಚರ್ಚೆ ಇನ್ನೂ ನಡೆದಿದೆ.